ನಮ್ಮ ಇಳಿಜಾರಿಗೆ ಒಗ್ಗುವ ಗಾಡಿ

ಚಾಂಗ್‌ವೊನ್ ನಗರದಿಂದ ಬೀಗರು ತಂದ ಮಗುವಿನ ಗಾಡಿ ನಮ್ಮ ಗೇಟಿನೊಳಗೆ ಹಿಡಿಸಲಿಲ್ಲ. ಅಲ್ಲಿಂದ ಮುಂದೆ ನಮ್ಮ ಮನೆಯ ಊಟದ ಮೇಜಿಗೆ ಅನ್ನ, ಕಿಮ್ಚಿ, ಸುಟ್ಟ ಬಂಗುಡೆಯ ಜೊತೆಗೆ ಗಾಡಿಯ ಮಾತೂ ದಿನಾ ಬಂದು ಕೂರತೊಡಗಿತು.

ಅಂದು ದಾಮಿಗೆ ಒಂದು ವರ್ಷ ತುಂಬಿತ್ತು. ದಾಮಿ ನನ್ನ ತಮ್ಮ ಗ್ಯುಟೇಯ ಮಗಳು, ಮನೆಗೆ ಒಂದೇ ಮಗು, ಹಾಗಾಗಿ ರಾಣಿ. ಬೀಗರು ಕಾರನ್ನು ಕೆಳಗೆ ಬಸ್ ರಸ್ತೆಯಲ್ಲಿ ಬಿಟ್ಟು, ಗಾಡಿಯನ್ನು ಗಂಡ ಹೆಂಡತಿ ಆ ಕಡೆ ಈ ಕಡೆ ಹಿಡಿದು ಹೊತ್ತು ತಂದಿದ್ದರು. ಕೆನೆ ಬಣ್ಣ, ಚರ್ಮದ ಹಿಡಿಕೆ, ಮಂಟಪದಂಥ ಮಾಡು. ಗೇಟಿನ ಮುಂದೆ ಅಡ್ಡ ಹಿಡಿದರು, ಉದ್ದ ಹಿಡಿದರು, ಓರೆ ಮಾಡಿದರು. ಗ್ಯುಟೇ ಗೇಟಿನ ಒಂದು ಬಾಗಿಲನ್ನೇ ಕಳಚುತ್ತೇನೆಂದು ಸ್ಪ್ಯಾನರ್ ತಂದ.

"ಮನೇನೇ ಕೆಡವಿಬಿಡು," ಎಂದಳು ಅಮ್ಮ. "ಗಾಡಿ ಒಳಗಿರಲಿ, ನಾವು ಹೊರಗೆ ಮಲಗೋಣ."

ಅಮ್ಮನ ಹೆಸರು ಒಕ್‌ಬುನ್. ಹರೆಯದಲ್ಲಿ ಹಡಗು ರಿಪೇರಿ ಕಟ್ಟೆಯಲ್ಲಿ, ಹಡಗಿನ ಪಕ್ಕೆಗೆ ತೂಗುಬಿಟ್ಟ ಹಲಗೆಯ ಮೇಲೆ ಕೂತು, ಸುತ್ತಿಗೆಯಿಂದ ತುಕ್ಕು ಬಡಿದು ನಮ್ಮನ್ನು ಸಾಕಿದವಳು. ಆ ಸದ್ದಿನಲ್ಲಿ ಅವಳ ಕಿವಿ ಮಂದವಾಯಿತು. ಹಾಗಾಗಿ ಅವಳು ಗುಟ್ಟು ಹೇಳಿದರೂ ಕೆಳಗಿನ ಓಣಿಗೆ ಕೇಳುತ್ತದೆ. ಯಂಗ್ದೊ ದ್ವೀಪದ ಈ ಗುಡ್ಡದಲ್ಲಿ ನಮ್ಮ ಮನೆಯ ವಿಚಾರ ಗೊತ್ತಿಲ್ಲದವರು ಯಾರೂ ಇಲ್ಲ.

"ನಮ್ಮೂರಲ್ಲಿ ಎಲ್ಲರೂ ಇದನ್ನೇ ತಗೊಳ್ಳೋದು," ಎಂದರು ಬೀಗಿತ್ತಿ, ಬೆವರು ಒರೆಸಿಕೊಳ್ಳುತ್ತ.

"ನಿಮ್ಮೂರಲ್ಲಿ ರಸ್ತೆ ಹಾಸಿಗೆ ಹಾಸಿದ ಹಾಗಿದೆ ಬೀಗಿತ್ತಿ. ನಮ್ಮದು ಗೋಡೆಗೆ ಒರಗಿಸಿಟ್ಟ ಏಣಿ. ಮಗೂಗಿಂತ ಗಾಡಿ ತೂಕ. ಮೂಗಿಗಿಂತ ಮೂಗುತಿ ಭಾರ ಆದ ಹಾಗೆ."

ಬೀಗರು ಕಡಲಪಾಚಿ ಸಾರು ಕುಡಿದು, ಅಕ್ಕಿ ಕಡುಬು ತಿಂದು, ಸಂಜೆ ಗಾಡಿಯನ್ನು ಮತ್ತೆ ಹಿಡಿದುಕೊಂಡು ಇಳಿದರು. ಬೊರಾಮ್ ಗೇಟಿನಲ್ಲಿ ನಿಂತು ಅವರನ್ನು ನೋಡುತ್ತಲೇ ಇದ್ದಳು. ಬೊರಾಮ್ ನನ್ನ ತಮ್ಮನ ಹೆಂಡತಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸ್ವಾಗತ ಮೇಜಿನ ಕೆಲಸ, ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಜುಲೈ ತಿಂಗಳಿಗೆ ಅವಳು ಕೆಲಸಕ್ಕೆ ಹಿಂತಿರುಗಬೇಕು, ದಾಮಿಯನ್ನು ಅಮ್ಮ ನೋಡಿಕೊಳ್ಳಬೇಕು ಎಂದು ಮಾತಾಗಿತ್ತು.

"ಬಸುರಿ ಆದಾಗಿಂದ ಒಂದೇ ಕನಸು ಅಕ್ಕ," ಎಂದಳು ಪಾತ್ರೆ ತೊಳೆಯುವಾಗ. "ಮರದ ನೆರಳಲ್ಲಿ ಗಾಡಿ ತಳ್ಕೊಂಡು ಹೋಗ್ತಾ ಇರ್ತೀನಿ. ಮಗು ನಿದ್ದೆ ಮಾಡ್ತಿರುತ್ತೆ. ಒಂದು ಕೈಲಿ ಕಾಫಿ."

"ಕಾಫಿ ಸಿಗುತ್ತೆ. ಮಿಕ್ಕಿದ್ದು ಈ ದ್ವೀಪದಲ್ಲಿ ಕಷ್ಟ," ಎಂದೆ.

ಅವಳು ನಕ್ಕಳು. ಅಡುಗೆಮನೆ ಕಿಟಕಿಯಾಚೆ ಲಂಗರು ಹಾಕಿದ ಹಡಗುಗಳ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಸಂಜೆ ಕಡಲಿಗೂ ಆಕಾಶಕ್ಕೂ ಗೆರೆ ಅಳಿಸಿಹೋದಾಗ ಆ ದೀಪಗಳು ಯಾರದೋ ಮನೆಗಳಂತೆ ಗಾಳಿಯಲ್ಲಿ ನಿಂತಿರುತ್ತವೆ. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಆದರೂ ಒಂದೊಂದು ದಿನ ಆ ಮನೆಗಳಲ್ಲಿ ಏನಡುಗೆಯೋ ಅನ್ನಿಸುತ್ತದೆ.

ನನ್ನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗಂಡನ ಮನೆ ಒಗ್ಗಲಿಲ್ಲ, ತವರಿಗೆ ಬಂದೆ, ಕೆಳಗಿನ ಕೋಣೆಯಲ್ಲಿದ್ದೇನೆ, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಮಿಸುಕ್ ಎಂಬ ನನ್ನ ಹೆಸರನ್ನು ಎಲ್ಲರೂ ಮರೆತಿದ್ದಾರೆ. ಮನೆಯಲ್ಲಿ ಅಕ್ಕ, ಓಣಿಯಲ್ಲಿ ಒಕ್‌ಬುನ್ ಮಗಳು.

ಮರುದಿನ ತಾರಸಿಯ ಮೇಲೆ ಹಾಸಿಗೆ ಒಣಹಾಕುವಾಗ ಅಮ್ಮನನ್ನು ಕೇಳಿದೆ. "ಬೀಗಿತ್ತಿ ಮುಖ ಯಾಕೆ ಹಾಗೆ ಮುರಿದೆ? ಗಾಡಿ ಅಂದ್ರೆ ನಿಂಗೆ ಯಾಕಿಷ್ಟು ಉರಿ?"

"ಗಾಡಿ ಯಾಕೆ ಬೇಕು? ನಿಮ್ಮಿಬ್ಬರನ್ನೂ ಬೆನ್ನಿಗೆ ಕಟ್ಕೊಂಡೇ ಬೆಳೆಸಿಲ್ವಾ? ಪೊದೇಗಿ ಇದೆ, ಬೆನ್ನಿದೆ. ಮುಗೀತು."

ಪೊದೇಗಿ ಎಂದರೆ ಮಗುವನ್ನು ಬೆನ್ನಿಗೆ ಸುತ್ತಿ ಎದೆಯ ಮೇಲೆ ಗಂಟು ಹಾಕುವ ಹೊದಿಕೆ. ಅದನ್ನು ಕಟ್ಟಿಕೊಂಡು ದಾಮಿಯ ಜೊತೆ ಓಣಿಯ ಮೆಟ್ಟಿಲು ಇಳಿಯುವಾಗ ಅಮ್ಮನ ಎಡಮಂಡಿ ಹಿಂದಿನ ವಾರವಷ್ಟೇ ಕೈಕೊಟ್ಟಿತ್ತು. ಕಂಬಿ ಸಿಕ್ಕಿದ್ದರಿಂದ ಉಳಿದಳು. ನಾನು ಹಿಂದೆಯೇ ಇದ್ದೆ, ನೋಡಿದ್ದೆ.

"ಬೆನ್ನಿದೆ ಸರಿ. ಮಂಡಿ?" ಎಂದೆ.

ಅಮ್ಮ ಹಾಸಿಗೆಯನ್ನು ಕೋಲಿನಿಂದ ಎರಡು ಸಲ ಬಡಿದಳು. "ಬೊರಾಮ್‌ಗೆ ಹೇಳಿದ್ಯೋ, ನಾಳೆಯಿಂದ ನಿಂಗೆ ಅನ್ನ ಇಲ್ಲ."

"ಹೇಳಲ್ಲ. ಆದ್ರೆ ಗಾಡಿ ತಗೊಂಡ್ರೆ ನಿಂಗೇ ಸುಖ ಅಲ್ವಾ?"

"ಅಲ್ನೋಡು," ಎಂದು ಅಮ್ಮ ಕೋಲನ್ನು ಕೆಳಗೆ ತೋರಿಸಿದಳು.

ನಮ್ಮ ಓಣಿಯ ತಿರುವಿನಲ್ಲಿ ಮುದುಕಿಯರು ಹಗಲು ಕಳೆಯುವ ಹಿರಿಯರ ಮನೆ ಇದೆ. ಅದರ ಬಾಗಿಲಲ್ಲಿ ಯಾವಾಗಲೂ ಒಂದು ಸಾಲು ಹಳೆಯ ಮಗುವಿನ ಗಾಡಿಗಳು ನಿಂತಿರುತ್ತವೆ. ಯಾವುದರಲ್ಲೂ ಮಗು ಇಲ್ಲ. ನಮ್ಮ ಕಡೆ ಸೊಂಟ ಬಿದ್ದ ಹೆಂಗಸು ಊರುಗೋಲು ಹಿಡಿಯುವುದಿಲ್ಲ. ಬೆಳೆದ ಮೊಮ್ಮಗು ಬಿಟ್ಟ ಗಾಡಿಯನ್ನು ತರುತ್ತಾಳೆ, ಹಿಂದಕ್ಕೆ ಮಗುಚದಂತೆ ಅದರಲ್ಲೊಂದು ಇಟ್ಟಿಗೆ ಇಡುತ್ತಾಳೆ, ಅದಕ್ಕೆ ಒರಗಿಕೊಂಡು ಸಂತೆಗೂ ಆಸ್ಪತ್ರೆಗೂ ಹೋಗುತ್ತಾಳೆ.

"ಮೊದಲು ಗಾಡಿ," ಎಂದಳು ಅಮ್ಮ. "ಆಮೇಲೆ ಮಕ್ಕಳು ಬಂದು, ಅಮ್ಮಾ ನಿಂಗೆ ಕಷ್ಟ ಆಗುತ್ತೆ ಅಂತಾರೆ. ಆಮೇಲೆ ಗುಡ್ಡದ ಆ ಕಡೆ ಇರೋ ವೃದ್ಧರ ಆಸ್ಪತ್ರೆ. ಹೋದೋರು ಯಾರಾದ್ರೂ ವಾಪಸು ಬಂದಿದ್ದು ನೋಡಿದ್ಯಾ? ನಾನು ಗಾಡಿ ಹಿಡಿದ ದಿನ ನಿಮ್ಮ ಬೊರಾಮ್ ಯೋಚನೆ ಮಾಡ್ತಾಳೆ, ಈ ಮುದುಕಿ ಕೈಲಿ ಮಗು ಹೇಗೆ ಬಿಡೋದು ಅಂತ. ದಾಮಿನ ಶಿಶುವಿಹಾರಕ್ಕೆ ಹಾಕ್ತಾಳೆ. ನಂಗೆ ಆ ಮಗು ಬಿಟ್ರೆ ಹಗಲು ಹೊತ್ತು ಇನ್ನೇನಿದೆಯೇ?"

ಇಷ್ಟನ್ನೂ ಅವಳು ತಗ್ಗಿದ ದನಿಯಲ್ಲೇ ಹೇಳಿದಳು, ಅಂದರೆ ಪಕ್ಕದ ಎರಡು ತಾರಸಿಗಷ್ಟೇ ಕೇಳಿತು. ನಾನು ಹಾಸಿಗೆ ಮಗುಚಿ ಹಾಕಿದೆ. ನಿಂಗೆ ಹುಚ್ಚು ಅನ್ನುವ ಧೈರ್ಯ ಬರಲಿಲ್ಲ.

ಜೂನ್ ಮೊದಲ ವಾರ ಬೊರಾಮ್ ಎರಡನೆಯ ಗಾಡಿ ತರಿಸಿದಳು. ಇದು ಹಗುರ, ಮಡಚಿದರೆ ಛತ್ರಿಯ ಹಾಗೆ ಕಂಕುಳಲ್ಲಿ ಕೂರುತ್ತದೆ. ಗ್ಯುಟೇಗೆ ಬಹಳ ಖುಷಿಯಾಯಿತು. ಅವನು ಈ ಗುಡ್ಡ ಹತ್ತಿಳಿಯುವ ಸಣ್ಣ ಬಸ್ಸಿನ ಚಾಲಕ. ಗಾಡಿ ಮಡಚದೆ ಹತ್ತುವ ತಾಯಂದಿರ ಜೊತೆ ದಿನಾ ಜಗಳವಾಡಿ ಅವನ ತಲೆ ನರೆಯುತ್ತಿತ್ತು.

"ಇದು ನೋಡು ಗಾಡಿ ಅಂದ್ರೆ," ಎಂದು ಮೂರು ಸಲ ಮಡಚಿ ತೆರೆದು ತೋರಿಸಿದ.

"ನೀನು ಬಸ್ಸು ನೋಡ್ಕೊಂಡು ಹೆಂಡ್ತಿ ಕಟ್ಕೊಂಡ್ಯೋ?" ಎಂದಳು ಅಮ್ಮ.

ಭಾನುವಾರ ಎಲ್ಲರೂ ಇಳಿದೆವು. ಮಳೆಗೆ ಕಾಲು ಜಾರದಿರಲಿ ಎಂದು ನಮ್ಮ ಇಳಿಜಾರಿನ ಕಾಂಕ್ರೀಟಿನ ತುಂಬ ಬಳೆಯಂಥ ಗುಂಡು ಗುಂಡು ಗೆರೆ ಒತ್ತಿದ್ದಾರೆ. ಗಾಡಿಯ ಪುಟ್ಟ ಚಕ್ರಗಳು ಒಂದೊಂದು ಬಳೆಗೂ ಬಿದ್ದು ಎದ್ದವು. ದಾಮಿಯ ಕೆನ್ನೆಗಳು ಕುಣಿದವು, ಅವಳು ಆ ಎಂದು ಉದ್ದಕ್ಕೆ ದನಿ ತೆಗೆದು ತನ್ನ ದನಿ ನಡುಗುವುದನ್ನು ತಾನೇ ಕೇಳಿ ನಕ್ಕಳು. ಅರ್ಧ ದಾರಿಯಲ್ಲಿ ಮುಂದಿನ ಚಕ್ರ ಚರಂಡಿಯ ಕಂಬಿಯೊಳಗೆ ಇಳಿದು ನಿಂತಿತು. ಗ್ಯುಟೇ ಎಳೆದ. ಗಾಡಿ ಬಂತು, ಚಕ್ರ ಅಲ್ಲೇ ಉಳಿಯಿತು.

"ನೀವು ತಳ್ಳಿದ್ದು ಸರಿ ಇರಲಿಲ್ಲ," ಎಂದಳು ಬೊರಾಮ್.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದ ಗ್ಯುಟೇ. "ನೀನು ತಂದಿದ್ದು ಆಟದ ಸಾಮಾನು."

"ಈಗ ತಾನೇ ಇದೇ ಗಾಡಿ ಅಂದ್ರಲ್ಲ?"

ಅವರು ಜಗಳವಾಡುತ್ತಿದ್ದಂತೆ ಅಮ್ಮ ದಾಮಿಯನ್ನು ಎತ್ತಿ ಬೆನ್ನಿಗೆ ಕಟ್ಟಿಕೊಂಡು ಗೆದ್ದವಳಂತೆ ಏರತೊಡಗಿದಳು. ಏರುವಾಗ ಗೋಡೆಗೆ ಕೈ ಕೊಡುತ್ತಿದ್ದುದನ್ನು ನಾನು ಮಾತ್ರ ನೋಡಿದೆ ಅಂದುಕೊಂಡಿದ್ದೆ. ಬೊರಾಮ್ ಕೂಡ ಮಾತು ನಿಲ್ಲಿಸಿ ಅತ್ತಲೇ ನೋಡುತ್ತಿದ್ದಳು.

ಅದಾದ ಮೇಲೆ ಬೊರಾಮ್ ಒಬ್ಬಳೇ ಸಂಜೆ ಹೊತ್ತು ತಿರುವಿನ ತನಕ ಹೋಗಿ ಬರತೊಡಗಿದಳು. ಒಮ್ಮೆ ನಾನು ಕೆಲಸದಿಂದ ಬರುವಾಗ ಅವಳು ಹಿರಿಯರ ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮುದುಕಿಯರ ಗಾಡಿಗಳ ಚಕ್ರ ತಿರುಗಿಸಿ ನೋಡುತ್ತಿದ್ದಳು. ಪಕ್ಕದಲ್ಲಿ ಚಿಲ್‌ಸುನ್ ಅಜ್ಜಿ ನಿಂತಿದ್ದಳು. ಓಣಿಗೆಲ್ಲ ಹಿರಿಯಳು, ಎರಡು ಕಣ್ಣಿಗೂ ಪೊರೆ.

"ಇದು ನನ್ನ ದೊಡ್ಡ ಮೊಮ್ಮಗಂದು ಕಣಮ್ಮ," ಎನ್ನುತ್ತಿದ್ದಳು ಅಜ್ಜಿ. "ಅವನು ಈಗ ಮಿಲಿಟರಿಗೆ ಹೋಗಿದ್ದಾನೆ. ಗಾಡಿ ಇನ್ನೂ ಗಟ್ಟಿ. ಹಿಂದಿನ ಚಕ್ರ ದೊಡ್ಡದು ನೋಡು, ಅದೇ ಬೇಕು ಇಲ್ಲಿಗೆ. ಸೈಕಲ್ ಅಂಗಡಿಯೋನು ಕೈಗೆ ಬ್ರೇಕ್ ಹಾಕ್ಕೊಟ್ಟ."

ಸಾಲಿನಲ್ಲಿ ಐದಾರು ಗಾಡಿಗಳಿದ್ದವು, ಅರ್ಧಕ್ಕರ್ಧ ಒಂದೇ ಜಾತಿಯವು, ಕಡುನೀಲಿ. ಈಗ ಅಂಗಡಿಯಲ್ಲಿ ಅದು ಸಿಗುವುದಿಲ್ಲ. ಬೊರಾಮ್ ಹಳೆಯ ಸಾಮಾನು ಮಾರುವವರಲ್ಲಿ ಹುಡುಕಿ ಅಂಥದೇ ಒಂದನ್ನು ತಂದಳು, ಬಟ್ಟೆ ಒಗೆದಳು, ಕೈಬ್ರೇಕ್ ಹಾಕಿಸಿದಳು. ಗೇಟಿನೊಳಗೆ ಸಲೀಸಾಗಿ ಬಂತು. ಇಳಿಜಾರಿನ ಬಳೆಗಳ ಮೇಲೆ ದೋಣಿಯಂತೆ ಹೋಯಿತು. ದಾಮಿ ಕೆಳಗಿನ ರಸ್ತೆ ಮುಟ್ಟುವ ಮೊದಲೇ ನಿದ್ದೆಹೋದಳು. ಇಷ್ಟು ದಿನ ಹುಡುಕಿದ್ದು ಮನೆಯ ತಿರುವಿನಲ್ಲೇ ಸಾಲಾಗಿ ನಿಂತಿತ್ತು. ಹುಡುಗಿಯ ತಲೆಗೆ ನಾನು ಮನಸ್ಸಿನಲ್ಲೇ ಶಹಬ್ಬಾಸ್ ಅಂದೆ.

ಅವಳು ಮಾಡಿದ ತಪ್ಪು ಒಂದೇ. ಅದನ್ನು ಊಟದ ಮೇಜಿನಲ್ಲಿ ಬಾಯಿ ಬಿಟ್ಟು ಹೇಳಿದ್ದು.

"ಹಿಡಿಕೆ ಎತ್ತರ ನಿಮ್ಮ ಅಳತೆಗೆ ಮಾಡಿಸಿದ್ದೀನಿ ಅತ್ತೆ," ಎಂದಳು, ಅಮ್ಮನ ಬಟ್ಟಲಿಗೆ ಮೀನು ಬಿಡಿಸಿ ಹಾಕುತ್ತ. "ಮಗೂಗೂ ಆಯ್ತು, ನಿಮಗೂ ಹಿಡ್ಕೊಳ್ಳೋಕೆ ಆಯ್ತು."

ಅಮ್ಮ ಚಮಚ ಕೆಳಗಿಟ್ಟಳು. "ನಂಗ್ಯಾಕೆ ಹಿಡ್ಕೊಳ್ಳೋಕೆ?"

"ಇಳಿಜಾರಲ್ಲಿ..."

"ಇಟ್ಟಿಗೇನೂ ತಂದಿದ್ಯಾ?"

"ಅಮ್ಮ," ಎಂದ ಗ್ಯುಟೇ.

"ನೀನು ಸುಮ್ನಿರು. ನಿನ್ನ ಹೆಂಡ್ತಿ ನಂಗೆ ಮುದುಕೀರ ಗಾಡಿ ತಂದಿದ್ದಾಳೆ. ಮಗು ಹೆಸರು ಹೇಳಿ ತಂದಿದ್ದಾಳೆ. ಬಹಳ ಜಾಣೆ."

"ನಾನು ಆ ಅರ್ಥದಲ್ಲಿ ತರಲಿಲ್ಲ," ಎಂದಳು ಬೊರಾಮ್. ಅವಳ ದನಿ ಒಡೆಯಿತು. "ಎಲ್ಲರಿಗೂ ಒಳ್ಳೇದಾಗಲಿ ಅಂತ ಬೀದಿ ಬೀದಿ ಹುಡುಕಿದೀನಿ. ನಿಮ್ಮನ್ನ ಮೆಚ್ಚಿಸೋ ಗಾಡಿ ಯಾವ ಅಂಗಡೀಲೂ ಇಲ್ಲ."

"ನಾನು ಮೆಚ್ಚೋದು ನನ್ನ ಬೆನ್ನು ಮಾತ್ರ," ಎಂದು ಅಮ್ಮ ಎದ್ದುಹೋದಳು. ಬಿಡಿಸಿದ ಮೀನು ಬಟ್ಟಲಲ್ಲೇ ಆರಿತು. ಕೊನೆಗೆ ನಾನೇ ತಿಂದೆ.

ಜುಲೈಯಲ್ಲಿ ಬೊರಾಮ್ ಕೆಲಸಕ್ಕೆ ಹೋಗತೊಡಗಿದಳು. ಮೊದಲ ವಾರ ಅಮ್ಮ ಗಾಡಿಯನ್ನು ಮುಟ್ಟಲೂ ಇಲ್ಲ, ದಾಮಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡಿದಳು. ಎರಡನೆಯ ವಾರ ಮಂಡಿ ಊದಿತು. ನೋವಿನ ಪಟ್ಟಿ ಅಂಟಿಸಿಕೊಂಡು, ಅದರ ವಾಸನೆ ಯಾರಿಗೂ ಬಾರದಿರಲೆಂದು ಮೂರು ಹೊತ್ತೂ ಬೆಳ್ಳುಳ್ಳಿ ಅರೆದಳು. ಮೂರನೆಯ ವಾರ ಗಾಡಿ ಹೊರಗೆ ಬಂತು. ಅದನ್ನು ಅವಳು ತಳ್ಳುವ ಚಂದ ನೋಡಬೇಕಿತ್ತು. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಹಿಡಿಕೆಗೆ ಎರಡೇ ಬೆರಳು. ತಾನು ಅದಕ್ಕೆ ಒರಗಿಲ್ಲ ಎಂದು ಓಣಿಗೆಲ್ಲ ಗೊತ್ತಾಗಬೇಕು.

ಜುಲೈ ಕೊನೆಗೆ, ನನ್ನ ಶಾಲೆಗೆ ಬೇಸಿಗೆ ರಜೆ ಶುರುವಾದ ದಿನ ಬೆಳಿಗ್ಗೆ ಎದ್ದಾಗ ಗುಡ್ಡವೇ ಇರಲಿಲ್ಲ. ಕಡಲ ಮಂಜು ರಾತ್ರಿಯೇ ಏರಿ ಬಂದಿತ್ತು. ಗೇಟಿನಾಚೆ ಬಿಳುಪು, ಅದರೊಳಗೆ ಎಲ್ಲೋ ಹಡಗುಗಳು ಒಂದಕ್ಕೊಂದು ಕೂಗು ಹಾಕುತ್ತಿದ್ದವು. ನಾನು ಆಲೂಗಡ್ಡೆ ಬೇಯಿಸಿ ಹಿರಿಯರ ಮನೆಗೆ ಕೊಡಲು ಹೊರಟೆ. ಅಮ್ಮನೂ ದಾಮಿಯನ್ನು ಗಾಡಿಯಲ್ಲಿ ಕೂರಿಸಿ, ತೇವ ತಾಗದಂತೆ ಮಾಡಿನಿಂದ ಕಾಲ ತನಕ ಬಟ್ಟೆ ಇಳಿಬಿಟ್ಟು ಜೊತೆಗೆ ಬಂದಳು. ನಾಲ್ಕು ಹೆಜ್ಜೆ ಮುಂದಿದ್ದ ಅಮ್ಮ ನನಗೆ ನೆರಳಾಗಿ ಕಂಡಳು. ನೆಲ ಕಾಣದು, ಗಾಡಿಯ ಸದ್ದು ಮಾತ್ರ. ನಾವು ಮೂವರೂ ಯಾರದೋ ನಿದ್ದೆಯೊಳಗೆ ನಡೆಯುತ್ತಿದ್ದೇವೆ ಅನ್ನಿಸಿತು. ಹೇಳಬೇಕೆಂದರೆ ನನಗೆ ಬಹಳ ಸುಖವಾಯಿತು.

ತಿರುವಿಗೆ ಬರುವಷ್ಟರಲ್ಲಿ ದಾಮಿ ನಿದ್ದೆಹೋಗಿದ್ದಳು. ನಾನು ಆಲೂಗಡ್ಡೆ ತಗೊಂಡು ಒಳಗಿನ ಅಡುಗೆಮನೆಗೆ ಹೋದೆ. ಅಮ್ಮ ಗಾಡಿಯನ್ನು ಬಾಗಿಲ ಪಕ್ಕ ನಿಲ್ಲಿಸಿ ಹೊಸ್ತಿಲಲ್ಲೇ ನಿಂತಳು, ಕೈಗೆಟಕುವಷ್ಟು ದೂರದಲ್ಲಿ. ಒಳಗಿದ್ದ ಹೆಂಗಸರು ಬಿಡುತ್ತಾರೆಯೇ.

"ಬಂದ್ಯಾ ಒಕ್‌ಬುನ್," ಎಂದಳೊಬ್ಬಳು. "ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅಂತ ಅವತ್ತೇ ಅಂದಿದ್ದೆ."

"ಇದು ಮಗು ಗಾಡಿ," ಎಂದಳು ಅಮ್ಮ. "ನನ್ನದಲ್ಲ. ನಂಗಿನ್ನೂ ಕಾಲಿದೆ. ಬೇಕಾದ್ರೆ ಈಗ ಬೆಟ್ಟದ ತುದಿಗೆ ಹತ್ತಿ ಇಳೀತೀನಿ, ನಿಮ್ಮ ಹಾಗೆ ಇಟ್ಟಿಗೆಗೆ ಜೋಲಿ ಬಿದ್ದಿಲ್ಲ."

"ಹತ್ತು ನೋಡೋಣ."

"ಹತ್ತಕ್ಕೆ ನಂಗೇನು..."

ಹೀಗೆ ಅಮ್ಮ ಬೆನ್ನು ತಿರುಗಿಸಿ ತನ್ನ ಕಾಲುಗಳ ಬಡಾಯಿ ಕೊಚ್ಚುತ್ತಿದ್ದಾಗ ಚಿಲ್‌ಸುನ್ ಅಜ್ಜಿ ಅವಳ ಪಕ್ಕದಲ್ಲೇ ಹೊರಗಿಳಿದಿದ್ದಳು. ಮಂಜು, ಪೊರೆಗಣ್ಣು. ಕೈಗೆ ಸಿಕ್ಕ ಕಡುನೀಲಿ ಗಾಡಿಯನ್ನು ತಳ್ಳಿಕೊಂಡು ಹೊರಟೇಹೋದಳು. ಚಕ್ರದ ಸದ್ದು ಯಾರಿಗೂ ಕೇಳದಿದ್ದರೆ ಸೋಜಿಗವಿಲ್ಲ, ಅಮ್ಮನಿಗಂತೂ ಕೇಳುವ ಮಾತೇ ಇರಲಿಲ್ಲ. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು.

ಆಗ ಗೊತ್ತಾದದ್ದು ಇಷ್ಟೇ. ನಾನು ಹೊರಗೆ ಬಂದೆ, ಅಮ್ಮ ಗಾಡಿಯ ಬಟ್ಟೆ ಎತ್ತಿದಳು, ಒಳಗೆ ಇಟ್ಟಿಗೆ ಇತ್ತು.

ಅಮ್ಮ ಆ ಇಟ್ಟಿಗೆಯನ್ನೇ ನೋಡಿದಳು. ಆಮೇಲೆ ಸಾಲಿನ ಗಾಡಿಗಳ ಬಟ್ಟೆಗಳನ್ನೆಲ್ಲ ಎಳೆದಳು. ಈರುಳ್ಳಿ ಸೊಪ್ಪು, ಛತ್ರಿ, ಮತ್ತೊಂದು ಇಟ್ಟಿಗೆ.

"ಬ್ರೇಕ್ ಹಾಕಿದ್ಯಾ?" ಎಂದೆ.

"ಹಾಕಿದ್ದೆ," ಎಂದಳು. ಮತ್ತೆ, "ಹಾಕಿದ್ನಾ?" ಎಂದಳು.

ಇಳಿಜಾರಿನ ಕೊನೆಗೆ ಬಸ್ ರಸ್ತೆ, ಅದರಾಚೆ ತಡೆಗೋಡೆ, ಅದರಾಚೆ ಕಡಲು. ನಾನು ಓಡಿದೆ. ಮುಂದಿನ ಬಳೆ ಗೆರೆ ಕಾಣದ ಮಂಜಿನಲ್ಲಿ ದಾಮಿ ದಾಮಿ ಎನ್ನುತ್ತ ಓಡಿದೆ. ಹಿಂದೆ ಚಕ್ರದ ಸದ್ದು ಕೇಳಿತು. ತಿರುಗಿ ನೋಡಿದರೆ ಅಮ್ಮ. ಮೆಟ್ಟಿಲ ಕಂಬಿ ಇಲ್ಲದ ಕಡೆ ಅವಳ ಮಂಡಿ ನಿಲ್ಲುತ್ತಿರಲಿಲ್ಲ. ಅಲ್ಲಿದ್ದ ಆ ಇಟ್ಟಿಗೆಯ ಗಾಡಿಯನ್ನೇ ಎರಡೂ ಕೈಯಲ್ಲಿ ಹಿಡಿದು, ಸೊಂಟ ಪೂರ್ತಿ ಬಗ್ಗಿಸಿ, ಮೈಭಾರವೆಲ್ಲ ಅದರ ಮೇಲೆ ಹಾಕಿ ಇಳಿದು ಬರುತ್ತಿದ್ದಳು. ಕಿಟಕಿ ತೆರೆದು ನೋಡುವವರು ನೋಡುತ್ತಿದ್ದರು. ಅವಳಿಗೆ ಅದಾವುದೂ ಬೇಕಿರಲಿಲ್ಲ.

ಕೆಳಗೆ ರಸ್ತೆಯಲ್ಲಿ ಏನೂ ಇರಲಿಲ್ಲ. ತಡೆಗೋಡೆಯ ಉದ್ದಕ್ಕೂ ಕೈಯಾಡಿಸಿಕೊಂಡು ಹೋದೆ. ಏನೂ ಇರಲಿಲ್ಲ. ಹಡಗೊಂದು ಕೂಗಿ ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಎಲ್ಲೋ ಮೇಲಿನಿಂದ, ಮೋಡದ ಮನೆಯೊಂದರಿಂದ ಬಂದಂತೆ, ಮಗು ನಗುವುದು ಕೇಳಿತು.

"ಅಮ್ಮ, ಮೇಲೆ," ಎಂದು ಅವಳ ಕಿವಿಗೆ ಬಾಯಿಟ್ಟು ಹೇಳಿದೆ.

ಅವಳು ಏನು ಎಂದು ಕೇಳಲಿಲ್ಲ. ಗಾಡಿಯನ್ನು ತಿರುಗಿಸಿ ಏರತೊಡಗಿದಳು.

ಹಿರಿಯರ ಮನೆ ದಾಟಿ ಐದನೆಯ ಬಾಗಿಲು ಚಿಲ್‌ಸುನ್ ಅಜ್ಜಿಯದು. ಅವಳು ಜಗುಲಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ದಾಮಿ, ದಾಮಿಯ ಬಾಯಲ್ಲಿ ಸೌತೆಕಾಯಿ ಹೋಳು.

"ನೋಡೇ ಒಕ್‌ಬುನ್," ಎಂದಳು ಅಜ್ಜಿ. "ನನ್ನ ಇಟ್ಟಿಗೆಗೆ ಹಲ್ಲು ಬಂದಿದೆ."

ಅಮ್ಮ ಅಲ್ಲೇ ನೆಲದ ಮೇಲೆ ಕೂತಳು. ದಾಮಿಯನ್ನು ಕೈಗೆ ಕೊಟ್ಟರೂ ತೆಗೆದುಕೊಳ್ಳಲಿಲ್ಲ, ಬರೀ ಅವಳ ಪಾದ ಹಿಡಿದುಕೊಂಡಳು. ಸತ್ತ ಅಪ್ಪನಿಗೂ ಅತ್ತಿರದ ಅಮ್ಮ ಅವತ್ತು ಬಾಯಿಗೆ ಕೈ ಅಡ್ಡ ಹಿಡಿಯದೆ ಅತ್ತಳು. ಚಿಲ್‌ಸುನ್ ಅಜ್ಜಿಯ ನಗು ನಿಂತಿತು. ಏನಾಗಿತ್ತು ಎಂದು ಅವಳಿಗೆ ಆಗ ಹೊಳೆಯಿತು. "ಅಯ್ಯೋ ನನ್ನ ಕಣ್ಣೇ," ಎಂದು ತನ್ನ ಕಣ್ಣಿಗೇ ಬೈದುಕೊಂಡು ಅವಳೂ ಅಮ್ಮನ ಪಕ್ಕ ಇಳಿದು ಕೂತಳು.

ಸಂಜೆಗೆ ನಾನು ಸೋಯಾ ಹಾಲಿನಲ್ಲಿ ತಣ್ಣನೆ ಶಾವಿಗೆ ಮಾಡಿದೆ. ಹೇಳುವುದೋ ಬಿಡುವುದೋ ಎಂದು ನಾನಿನ್ನೂ ಯೋಚಿಸುತ್ತಿದ್ದೆ. ಅಮ್ಮ ಯೋಚಿಸಲಿಲ್ಲ.

"ಇವತ್ತು ಮಗೂನ ಕಳ್ಕೊಂಡಿದ್ದೆ," ಎಂದಳು. ನಡೆದದ್ದೆಲ್ಲ ಹೇಳಿದಳು, ಬಡಾಯಿ ಕೊಚ್ಚಿದ್ದನ್ನೂ ಬಿಡದೆ. "ನನ್ನ ಮಂಡಿ ಹೋಗಿದೆ. ಎರಡು ತಿಂಗಳಾಯ್ತು. ಮೆಟ್ಟಿಲ ಮೇಲೆ ಒಂದು ಸಲ ಮಗು ಸಮೇತ ಬೀಳ್ತಿದ್ದೆ."

ಗ್ಯುಟೇ ಬಟ್ಟಲು ಸರಿಸಿದ. ಬೊರಾಮ್ ದಾಮಿಯನ್ನು ತೊಡೆಗೆ ಎಳೆದುಕೊಂಡಳು.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಹತ್ರ ಮಗು ಬಿಡ್ತಿದ್ಯಾ?"

ಬೊರಾಮ್ ದಾಮಿಯ ಗಲ್ಲಕ್ಕಂಟಿದ ಶಾವಿಗೆ ಒರೆಸಿದಳು. "ಇಲ್ಲ," ಎಂದಳು.

"ಅದಕ್ಕೇ," ಎಂದಳು ಅಮ್ಮ.

ಮರುದಿನ ಬೊರಾಮ್ ಕ್ಲಿನಿಕ್ಕಿಗೆ ರಜೆ ಹೇಳಿದಳು, ಅದರ ಮರುದಿನವೂ ಹೇಳಿದಳು. ಗ್ಯುಟೇ ಶಿಶುವಿಹಾರಗಳಿಗೆ ಫೋನ್ ಮಾಡಿದ. ಅಮ್ಮ ತನ್ನ ಕೋಣೆಯಲ್ಲಿ ಕೂತು ದನಿ ಇಲ್ಲದ ಟೀವಿ ನೋಡಿದಳು. ಅವಳಿಗೆ ದನಿ ಇದ್ದರೂ ಇಲ್ಲದಿದ್ದರೂ ಒಂದೇ, ಆದರೆ ದಿನಾ ಅದನ್ನು ಕೂಗಿಸಿಡುತ್ತಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ದಾಮಿ ಅಂಬೆಗಾಲಿಟ್ಟು ಆ ಬಾಗಿಲ ತನಕ ಹೋಗಿ ಬಡಿಯುತ್ತಿದ್ದಳು, ಬೊರಾಮ್ ಹೋಗಿ ಎತ್ತಿಕೊಂಡು ಬರುತ್ತಿದ್ದಳು. ಮನೆ ಅಷ್ಟು ಮೌನವಾಗಿದ್ದುದನ್ನು ನಾನು ನೋಡಿಯೇ ಇರಲಿಲ್ಲ. ಪಕ್ಕದ ಮನೆಯವರು ಬಂದು, ಒಕ್‌ಬುನ್‌ಗೆ ಹುಷಾರಿಲ್ವಾ, ಎಂದು ಕೇಳಿ ಹೋದರು.

ಮೂರನೆಯ ಬೆಳಿಗ್ಗೆ ಬೊರಾಮ್ ಕೆಲಸದ ಬಟ್ಟೆ ಹಾಕಿಕೊಂಡು, ದಾಮಿಯನ್ನು ಸೊಂಟದಲ್ಲಿಟ್ಟುಕೊಂಡು ಆ ಬಾಗಿಲನ್ನು ತೆರೆದಳು.

"ಇನ್ನೊಂದು ದಿನ ರಜೆ ಕೊಡಲ್ಲ ಅಂದ್ರು," ಎಂದಳು ಜೋರಾಗಿ. "ಶಿಶುವಿಹಾರದಲ್ಲಿ ಮಾರ್ಚ್ ತನಕ ಜಾಗ ಇಲ್ಲ."

ಅಮ್ಮ ಟೀವಿಯನ್ನೇ ನೋಡುತ್ತಿದ್ದಳು. "ನಿಮ್ಮಮ್ಮನ್ನ ಕರೆಸ್ಕೋ."

"ಅವರ ಕೈಲಿ ಈ ಓಣಿ ಹತ್ತೋಕಾಗಲ್ಲ." ಬೊರಾಮ್ ಕೋಣೆಯೊಳಗೆ ಹೋಗಿ ಕೂತಳು. "ಅತ್ತೆ, ನಂಗಿನ್ನೂ ಸಿಟ್ಟಿದೆ. ಇಲ್ಲ ಅನ್ನಲ್ಲ. ಆದ್ರೆ ನೀವೇ ಬಾಯಿಬಿಟ್ಟು ಹೇಳಿದ್ರಿ. ಹೇಳ್ದೆ ಇದ್ದಿದ್ರೆ ಮೆಟ್ಟಿಲ ವಿಷಯ ನಂಗೆ ಗೊತ್ತೂ ಆಗ್ತಿರಲಿಲ್ಲ. ಇವತ್ತಿಂದ ಬೆನ್ನಿಗೆ ಕಟ್ಟಬಾರದು. ಮೆಟ್ಟಿಲ ಕಡೆ ಹೋಗಬಾರದು. ಗಾಡೀನ ಎರಡೂ ಕೈಲಿ ಹಿಡೀಬೇಕು."

"ಹೂಂ."

"ಬರೀ ಹಿಡಿಯೋದಲ್ಲ. ಒರಗಬೇಕು. ಮೊನ್ನೆ ಇಳಿದ್ರಂತಲ್ಲ, ಹಾಗೆ ಬಗ್ಗಿ ಒರಗಬೇಕು. ಒರಗದೆ ತಳ್ಳಿದ್ರಿ ಅಂತ ಅಕ್ಕ ಒಂದು ಮಾತು ಹೇಳಿದ್ರೆ, ಮಗು ಚಾಂಗ್‌ವೊನ್‌ಗೆ ಹೋಗುತ್ತೆ."

ದಾಮಿ ತಾಯಿಯ ತೊಡೆಯಿಂದ ಜಾರಿ ಅಜ್ಜಿಯ ಮಡಿಲು ಸೇರಿದಳು. ಅಮ್ಮ ಅವಳ ನೆತ್ತಿಗೆ ಮೂಗು ಹಚ್ಚಿದಳು.

"ಊಟದ ಡಬ್ಬಿ ತಗೊಂಡ್ಯಾ?" ಎಂದಳು. "ಲೇಟಾಯ್ತು ಹೋಗು."

ಅವತ್ತು ಬಿಸಿಲಿತ್ತು. ಓಣಿ, ಗೋಡೆ, ಕಡಲು, ಹಡಗು ಎಲ್ಲವೂ ತೊಳೆದಿಟ್ಟಂತೆ ಎದ್ದು ಕಾಣುತ್ತಿದ್ದವು. ಅಡಗಲು ಎಲ್ಲೂ ಮಂಜಿರಲಿಲ್ಲ. ಅಮ್ಮ ದಾಮಿಯನ್ನು ಕೂರಿಸಿ, ಪಟ್ಟಿ ಬಿಗಿದು, ಗೇಟಿನಾಚೆ ಬಂದು ಒಂದು ಗಳಿಗೆ ನಿಂತಳು. ಆಮೇಲೆ ಎರಡೂ ಕೈಯಲ್ಲಿ ಹಿಡಿಕೆ ಹಿಡಿದಳು. ಬೆನ್ನು ಬಗ್ಗಿಸಿದಳು. ನಾನು ಹಿಂದೆ ನಡೆದೆ. ತುಕ್ಕು ಬಡಿಯುತ್ತ ಹಡಗಿನ ಪಕ್ಕೆಯಲ್ಲಿ ನೇತಾಡಿದ ಹೆಂಗಸು ಅಷ್ಟು ಚಿಕ್ಕವಳಾಗಿ ಕಂಡದ್ದು ನನಗೆ ಅದೇ ಮೊದಲು. ಆದರೆ ಗಾಡಿ ಅಲುಗದೆ ಹೋಗುತ್ತಿತ್ತು, ಅಮ್ಮನ ಮಂಡಿಯೂ ನಡುಗುತ್ತಿರಲಿಲ್ಲ.

ಹಿರಿಯರ ಮನೆಯ ಹೆಂಗಸರು ಜಗುಲಿಯಲ್ಲಿ ಸಾಲಾಗಿ ಬೀನ್ಸ್ ಬಿಡಿಸುತ್ತಿದ್ದರು. ಅಮ್ಮ ಬಗ್ಗಿ ಬರುವುದನ್ನು ನೋಡಿ ಒಬ್ಬರೂ ಬಾಯಿ ಬಿಡಲಿಲ್ಲ. ಕೆಣಕಿದ್ದರೆ ಚೆನ್ನಾಗಿತ್ತು. ಕೊನೆಗೆ ಚಿಲ್‌ಸುನ್ ಅಜ್ಜಿ ಕಣ್ಣು ಕಿರಿದು ಮಾಡಿ, "ಯಾರದು, ಒಕ್‌ಬುನಾ? ಆ ಗಾಡಿ ಯಾರದೇ?" ಎಂದು ಕೇಳಿದಳು. ಕಾಣದೆ ಕೇಳಿದಳೋ, ಕಂಡೇ ಕೇಳಿದಳೋ ತಿಳಿಯಲಿಲ್ಲ.

ಅಮ್ಮ ಬ್ರೇಕ್ ಹಾಕಿದಳು. ಹಾಕಿದ್ದನ್ನು ಅಲ್ಲಾಡಿಸಿ ನೋಡಿದಳು. ದಾಮಿಯನ್ನು ಎತ್ತಿ ಜಗುಲಿಯ ಮೇಲೆ ತನ್ನ ಮುಂದೆ ಕೂರಿಸಿಕೊಂಡಳು.

"ಸದ್ಯಕ್ಕೆ ಇವಳದು," ಎಂದಳು, ಇಡೀ ಗುಡ್ಡಕ್ಕೆ ಕೇಳುವ ಹಾಗೆ. "ಇವಳು ನಡೆಯೋದು ಕಲೀಲಿ, ಆಮೇಲೆ ನನ್ನದು. ಸ್ವಲ್ಪ ಸರ್ಕೊಳ್ಳಿ."

ಅವರು ಸರಿದು ಕೂತರು. ಯಾರೋ ಅವಳ ಮುಂದೆ ಒಂದು ಹಿಡಿ ಬೀನ್ಸ್ ಹಾಕಿದರು.